ಹಲಸಿನ ಪೆಟ್ಟಿಗೆಯ ಸ್ಪೀಕರು

"ಇನ್ನೊಮ್ಮೆ ನನ್ನ ಸ್ಪೀಕರನ್ನು ಗುಜರಿ ಅಂದ್ರೆ ನೋಡು ಬಿಬಿನ್!"

ಸುಳ್ಯದ ಬಿಬಿನನ ಅಂಗಡಿಯಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟು ಕಾಯುತ್ತಿದ್ದ ಇಡಿಕುಳ ತಲೆಯೆತ್ತಿದ. ಕೂಗಿದವರು ಮರ್ಕಂಜದ ಬೋಜಣ್ಣ, ಹಿಂದೆ ಮದುವೆಗಳಿಗೆ ಮೈಕ್ ಸೆಟ್ ಕೊಡುತ್ತಿದ್ದವರು. ಪಕ್ಕದಲ್ಲಿ ಹೆಂಡತಿ ಸೀತಕ್ಕ. ಇನ್ನೊಬ್ಬರ ಜಗಳಕ್ಕೆ ಬಾಯಿ ಹಾಕದಿರುವುದು ಇಡಿಕುಳನಿಗೆ ಕಷ್ಟ. ಆದರೂ ತುಟಿ ಬಿಗಿಹಿಡಿದು ಕೂತ.

"ಗುಜರಿ ಅನ್ಲಿಲ್ಲ ಬೋಜಣ್ಣ. ನಿಮ್ಮದು ನಾಲ್ಕು ಓಮಿನ ಸ್ಪೀಕರ್, ಕರೆಂಟ್ ಜಾಸ್ತಿ ಎಳೀತದೆ. ನೀವು ಈಗ ಆರಿಸಿದ ರಿಸೀವರ್, ಸ್ಪೀಕರಿಗೆ ಸೌಂಡ್ ಕೊಡುವ ಈ ಪೆಟ್ಟಿಗೆ, ಆರು ಓಮಿಂದ ಮೇಲಿನ ಸ್ಪೀಕರಿಗೆ ಮಾತ್ರ. ಬಿಸಿಯಾಗಿ ಬಂದ್ ಆಗ್ತದೆ. ಅದಕ್ಕೇ ಹೊಸ ಸ್ಪೀಕರ್ ತಗೊಳ್ಳಿ ಅಂದದ್ದು."

"ಅದರ ಪೆಟ್ಟಿಗೆ ನಾನೇ ಹಲಸಿನ ಹಲಗೆಯಲ್ಲಿ ಮಾಡಿದ್ದು ಮಾರಾಯ! ಬಿಸಾಡ್ಲಿಕ್ಕಿಲ್ಲ."

"ನಾಲ್ಕು ಓಮಿಗೆ ಆಗುವ ರಿಸೀವರ್ ಇಲ್ವಾ?" ಸೀತಕ್ಕ ಕೇಳಿದರು.

"ಉಂಟು ಸೀತಕ್ಕ. ಆದ್ರೆ ಸಣ್ಣದು, ವ್ಯಾಟ್ ಕಮ್ಮಿ, ಸೌಂಡೂ ಕಮ್ಮಿ. ಬೋಜಣ್ಣ ಒಪ್ಪುದಿಲ್ಲ."

"ಹೇಗೆ ಒಪ್ಪುದು? ಸಾವಿರ ಜನಕ್ಕೆ ಕೇಳಿಸಿದವ ನಾನು!"

"ನಮ್ಮ ಮನೆ ಚಾವಡಿಯಲ್ಲಿ ಎಷ್ಟು ಜನ ಉಂಟು?" ಸೀತಕ್ಕ ಅಂದರು.

"ಎಂತ?"

"ನಾನು, ನೀವು, ಬೆಕ್ಕು. ನೀವು ವಾಲ್ಯೂಮ್ ಕೊಟ್ರೆ ಬೆಕ್ಕೂ ಇರುದಿಲ್ಲ."

ಬೋಜಣ್ಣ ನಕ್ಕುಬಿಟ್ಟರು. "ಆ ಸಣ್ಣದನ್ನೇ ಕಟ್ಟು ಮಾರಾಯ."

"ಸೌಂಡ್ ಸಾಕಾಗದಿದ್ರೆ ಒಂದು ವಾರದೊಳಗೆ ತನ್ನಿ, ಬದಲಿಸಿ ಕೊಡ್ತೇನೆ. ತಂದೇ ತರ್ತೀರಿ, ನಂಗೆ ಗೊತ್ತುಂಟು."

ಬೋಜಣ್ಣ ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಟರು. ಸೀತಕ್ಕ ಕೊಡೆ ಬಿಡಿಸುತ್ತಾ ಹಿಂದೆ ಹೋದರು.

ಹತ್ತು ದಿನ ಬಿಟ್ಟು ಇಡಿಕುಳ ಅದೇ ಮಿಕ್ಸಿಯನ್ನು ಮತ್ತೆ ತಂದು, ಬಿಬಿನನಿಗೆ ನಾಲ್ಕು ಬೈದು, ಕೇಳಿದ: "ಬೋಜಣ್ಣ ಬಂದ್ರಾ?"

"ಬರ್ಲೇ ಇಲ್ಲ. ಸೀತಕ್ಕ ಫೋನ್ ಮಾಡಿದ್ರು. ಬೆಕ್ಕು ಈಗ ಸ್ಪೀಕರಿನ ಮೇಲೆಯೇ ಮಲಗುದಂತೆ."