ಇನ್ನೊಂದು ಕೆನ್ನೆ ಬಾಕಿ ಇತ್ತು

ಒಂದೂರು, ಅಲ್ಲೊಬ್ಬ ಶ್ರೀಮಂತ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನಿಮ್ಮನ್ನು ಬಿಟ್ಟು ಅವನನ್ನು ಹುಡುಕಲು ಹೊರಡುತ್ತೀರಿ.

ಅವನು ವಿದೇಶದಿಂದ ಒಂದು ರೇಜರ್ ತರಿಸಿದ. ನಮ್ಮ ಅಜ್ಜಂದಿರು ಬಳಸುತ್ತಿದ್ದರಲ್ಲ, ಎರಡು ಅಲಗಿನ ಬ್ಲೇಡು ಹಾಕಿ ಹಿಡಿ ತಿರುಪುವಂಥದ್ದು, ಅದೇ. ಆದರೆ ಇದು ಉಕ್ಕಿನ ಒಂದೇ ಗಟ್ಟಿಯಲ್ಲಿ ಕಡೆದದ್ದಂತೆ. ಬಂದ ಮರುದಿನ ಬೆಳಿಗ್ಗೆ ಪರೀಕ್ಷೆ ಮಾಡಲು ಬಚ್ಚಲುಮನೆ ಸೇರಿ ಅಗುಳಿ ಹಾಕಿಕೊಂಡ. ನೋಡಿ, ಅದೇ ಹೊತ್ತಿಗೆ ಅವನ ಅಣ್ಣ ಆಸ್ಪತ್ರೆಯಲ್ಲಿದ್ದ. ತಂದೆ ಹೋದ ಮೇಲೆ ಇವನನ್ನು ಸಾಕಿ ಓದಿಸಿದ ಅಣ್ಣ. ವೈದ್ಯರು ಕೈಚೆಲ್ಲಿದ್ದರು. "ಸಂಜೆ ಹೋಗಿ ಬರ್ತೀನಿ" ಅಂದಿದ್ದ ಇವನು. ದಿನವೂ ಅದೇ ಮಾತು.

ನೊರೆ ಹಚ್ಚಿದ. ಕೈ ಒತ್ತಲಿಲ್ಲ, ರೇಜರಿನ ಭಾರಕ್ಕೇ ಬಿಟ್ಟ. ಮೊದಲು ಕೂದಲು ಬೆಳೆದ ದಿಕ್ಕಿಗೆ, ಆಮೇಲೆ ಅದಕ್ಕೆ ಎದುರು. ಬಲಗೆನ್ನೆ ಮುಗಿಯಿತು. ಬೆರಳಿನ ಬೆನ್ನಿನಿಂದ ಸವರಿ ನೋಡಿದ. ಬೆಣ್ಣೆ!

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ ಅದನ್ನು ಹಿಡಿದೇ ಓಡಿಬಂದು ಬಾಗಿಲು ಬಡಿದಳು. ಅಳುತ್ತಿದ್ದಳು. "ರೀ, ಬಾಗ್ಲು ತೆಗೀರಿ. ಆಸ್ಪತ್ರೆಯಿಂದ... ಭಾವನೋರು..."

"ಬಾಯ್ಮುಚ್ಚೇ! ಹೇಳ್ಬೇಡ. ಕಿವಿಗೆ ಬಿದ್ರೆ ಸೂತಕ. ಹತ್ತು ದಿನ ಗಡ್ಡ ಮುಟ್ಟೋ ಹಾಗಿಲ್ಲ. ಇನ್ನೊಂದು ಕೆನ್ನೆ ಬಾಕಿ ಇದೆ. ಅರ್ಧ ಮುಖ ಇಟ್ಕೊಂಡು ಹೆಣದ ಮುಂದೆ ನಿಲ್ಲಲಾ?"

"ಅಯ್ಯೋ, ಹಾಗಲ್ಲ ರೀ, ಒಂದ್ಸಲ ಕೇಳಿ..."

ಕೇಳಬಾರದೆಂದು ನಲ್ಲಿಯನ್ನು ಜೋರಾಗಿ ತಿರುಗಿಸಿಬಿಟ್ಟ.

ಶಾಸ್ತ್ರ ಬಲ್ಲವನು, ಪಾಪ! ಸುದ್ದಿ ಕೇಳಿದ ಗಳಿಗೆಯಿಂದ ತಾನೇ ಸೂತಕ? ಕೇಳದಿದ್ದರೆ ಇಲ್ಲ! ಸಾವನ್ನು ಬಾಗಿಲ ಹೊರಗೆ ಕಾಯಿಸಿ ಎಡಗೆನ್ನೆ ಕೆರೆದ. ಗದ್ದ ಕೆರೆದ. ಕತ್ತಿನ ಸುಳಿಯನ್ನೂ ಬಿಡಲಿಲ್ಲ. ಕೊನೆಗೆ ಪಟಿಕದ ಕಲ್ಲು ಉಜ್ಜಿದ. ಬ್ಲೇಡು ಎಲ್ಲಾದರೂ ತರಚಿದ್ದರೆ ಪಟಿಕ ಚುರುಗುಟ್ಟುತ್ತದೆ, ಕ್ಷೌರಕ್ಕೆ ಅದೇ ನಿಜವಾದ ಪರೀಕ್ಷೆ. ಎಲ್ಲೂ ಉರಿಯಲಿಲ್ಲ. ಅಣ್ಣ ಸತ್ತನೆಂದೇ ನಂಬಿ ನಿಂತಿದ್ದಾನೆ, ಎಲ್ಲೂ ಉರಿಯಲಿಲ್ಲ! ಕೊಟ್ಟ ದುಡ್ಡಿಗೆ ಮೋಸವಿಲ್ಲ ಅಂದುಕೊಂಡ.

ಮುಖ ಸಪ್ಪಗೆ ಮಾಡಿಕೊಂಡು ಬಾಗಿಲು ತೆಗೆದ. "ಈಗ ಹೇಳು. ಯಾವಾಗ ಹೋದ?"

ಹೆಂಡತಿ ಫೋನನ್ನು ಅವನ ಕೈಗಿಟ್ಟಳು. "ಈಗ ಹೋದ್ರು. ನಾನು ಬಾಗ್ಲು ಬಡಿದಾಗ ಇದ್ರು. ತಮ್ಮನ ದನಿ ಕೇಳ್ಬೇಕು ಅಂತ ಅವರೇ ಫೋನ್ ಮಾಡ್ಸಿದ್ರು. ನೀವು ಅಂದಿದ್ದೆಲ್ಲ ಅವರಿಗೆ ಕೇಳಿಸ್ತು."

ಏನದು, ಸಭೆಯಲ್ಲಿ ಗುಸುಗುಸು? ಅವನನ್ನು ಬೈದುಕೊಳ್ಳುತ್ತಿದ್ದೀರಾ? ಬೈಯಿರಿ, ಸುಲಭ. ನಿಮ್ಮ ಬಚ್ಚಲಿಗೆ ಅಗುಳಿ ಇಲ್ಲವೇ? ಕಷ್ಟದಲ್ಲಿರುವ ತಂಗಿಯ ಕರೆ ಬಂದರೆ ಫೋನನ್ನು ಬೋರಲು ಹಾಕುತ್ತೀರಿ. ಮಾರನೆಯ ದಿನ "ನೋಡ್ಲೇ ಇಲ್ಲ ಕಣೇ" ಅನ್ನುತ್ತೀರಿ. ಕೇಳಿಸಿಕೊಂಡರೆ ಹೋಗಬೇಕಲ್ಲ, ಅದಕ್ಕೇ ಕೇಳಿಸಿಕೊಳ್ಳುವುದಿಲ್ಲ. ಹೋಗದೆ ಇರಲು ಪೂಜೆ ಅಡ್ಡ, ಮಡಿ ಅಡ್ಡ, ರಾಹುಕಾಲ ಅಡ್ಡ. ದೇವರನ್ನೇ ಅಗುಳಿ ಮಾಡಿಕೊಂಡ ಜನ ನಾವು!

ನಾಳೆಯಿಂದ, ಯಾರು ಬಾಗಿಲು ಬಡಿದರೂ ಮುಖದ ನೊರೆಯಲ್ಲೇ ತೆಗೆಯಿರಿ. ಅರ್ಧ ಗಡ್ಡ ನೋಡಿ ಊರು ನಕ್ಕರೆ ನಗಲಿ. ನಾಳೆಯವರೆಗೂ ಯಾಕೆ? ಯಾರ ಕರೆಯನ್ನು ತಳ್ಳಿ ಇಲ್ಲಿ ಬಂದು ಕೂತಿದ್ದೀರೋ ಅವರ ಮುಖ ಈಗ ಕಣ್ಣ ಮುಂದಿದೆ, ನನಗೆ ಗೊತ್ತು. ಮಂಗಳಾರತಿಗೆ ಕಾಯಬೇಡಿ. ಎದ್ದು ಹೊರಗೆ ಹೋಗಿ ಮಾತಾಡಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಏಳಿ. ಇನ್ನೂ ಯಾಕೆ ಕೂತಿದ್ದೀರಿ?