ಕಾರ್ಡಿನಲ್ಲಿದ್ದ ಮನೆ

ಇದು ನನ್ನ ಚಿಕ್ಕಮ್ಮನ ಮಗನಿಗೆ ಆಗಿದ್ದು. ಅವನು ಇನ್ನೂ ಗಟ್ಟಿಮುಟ್ಟಾಗಿದ್ದಾನೆ, ಬೇಕಾದರೆ ಹೋಗಿ ಕೇಳಿ. ಕತ್ತಲಾದ ಮೇಲೆ ಮಾತ್ರ ಕೇಳಬೇಡಿ... ಬಾಯಿ ಬಿಡೋದಿಲ್ಲ.

ನಾವೆಲ್ಲ ಅವನಿಗಿಟ್ಟ ಹೆಸರು ನಾಳೆರಾಯ. ಔಷಧದ ಅಂಗಡಿಗಳಿಗೆ ಮಾಲು ಮುಟ್ಟಿಸುವ ವ್ಯಾನಿನ ಡ್ರೈವರ್. ಗಾಡಿ ಓಡಿಸುವುದರಲ್ಲಿ ಎತ್ತಿದ ಕೈ. ಕಾಗದ ಪತ್ರದ ಕೆಲಸ ಅಂದರೆ ಮಾತ್ರ ಎಲ್ಲಕ್ಕೂ ನಾಳೆ. ಮದುವೆಗೆ ಮುಂಚೆ ಐದು ವರ್ಷ ಒಬ್ಬ ಮುದುಕಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ. ಆಕೆಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಜ್ವರ ಬಂದರೆ ಗಂಜಿ ಕಾಯಿಸಿ ಕೊಟ್ಟು ಇವನನ್ನೇ ಮಗ ಅಂದುಕೊಂಡಿದ್ದಳು. ಮದುವೆಯಾಗಿ ಬೇರೆ ಮನೆ ಮಾಡಿದ ದಿನ ಇವನು ಹೊಸಿಲ ಮೇಲೆ ನಿಂತು, “ಲೈಸೆನ್ಸಿನಲ್ಲಿ ಇನ್ನೂ ಇದೇ ಅಡ್ರೆಸ್ ಇದೆಯಮ್ಮ. ನಾಳೆ ಹೋಗಿ ಬದಲಾಯಿಸ್ತೀನಿ. ಅಲ್ಲೀವರೆಗೂ ಕಾಗದ ಏನಾದ್ರೂ ಬಂದ್ರೆ ಎತ್ತಿಟ್ಟಿರಿ. ಬರ್ತೀನಿ” ಅಂದಿದ್ದ.

ನಾಲ್ಕು ವರ್ಷವಾಯಿತು. ಅಡ್ರೆಸ್ಸೂ ಬದಲಾಗಲಿಲ್ಲ, ಇವನೂ ಹೋಗಲಿಲ್ಲ. ಮುದುಕಿ ತೀರಿಕೊಂಡಳು ಅನ್ನುವ ಸುದ್ದಿ ಬಂದಾಗಲೂ ನಾಳೆ ಹೋಗಿ ನೋಡ್ತೀನಿ ಅಂದನಂತೆ. ಹೆಣಕ್ಕೆ ನಾಳೆ ಅಂತ ಇರುತ್ತಾ? ನಾನಂತೂ ಚೆನ್ನಾಗಿ ಬೈದೆ.

ಅದಾಗಿ ಎಂಟು ತಿಂಗಳಿಗೆ ಈ ರಾತ್ರಿ. ಮೂರು ವರ್ಷದ ಮಗಳಿಗೆ ಉಬ್ಬಸ, ಬಾಯಿಗೆ ಹೊಡೆಯುವ ಪಂಪು ಮುಗಿದಿದೆ ಅಂತ ಹೆಂಡತಿ ಫೋನ್ ಮಾಡಿದಳು. ಕೊನೆಯ ಅಂಗಡಿಯಲ್ಲಿ ಒಂದು ಪಂಪು ಕೊಂಡು ಜೇಬಿಗೆ ಹಾಕಿಕೊಂಡ. ವ್ಯಾನನ್ನು ಗೋದಾಮಿನಲ್ಲಿ ಬಿಟ್ಟು ಬೀಗದ ಕೈ ಒಪ್ಪಿಸಿದ. ಆಗಲೇ ಹನ್ನೊಂದು ದಾಟಿತ್ತು. ಕಾಲು ಗಂಟೆ ಉಳಿಯುತ್ತದೆ ಅಂತ ಮುದುಕಿಯ ಮನೆಯಿದ್ದ ಹಳೇ ಬೀದಿಯ ಅಡ್ಡದಾರಿ ಹಿಡಿದು ನಡೆದ.

ಆ ಬೀದಿಯ ಮೂಲೆಯಲ್ಲಿ ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಬಡಿದು ಎಷ್ಟೋ ವರ್ಷವಾಗಿದೆ, ಹಗ್ಗವಿಲ್ಲ, ಕೊಡವಿಲ್ಲ. ಇವನು ದಾಟುವಾಗ ರಾಟೆ ತಿರುಗಿತು. ಕಿರ್ರ್... ಕಿರ್ರ್... ಎರಡೇ ಸಲ. ಇವನು ನಿಂತ. ಸದ್ದೂ ನಿಂತಿತು.

ಮುಖಕ್ಕೆ ಟಾರ್ಚಿನ ಬೆಳಕು ಬಿತ್ತು. ಹೆದರಬೇಡಿ, ಇದು ದೆವ್ವವಲ್ಲ. ಅಪ್ಪಟ ಪೊಲೀಸಿನವನು. ಆ ಬೀದಿಯಲ್ಲಿ ಕಳ್ಳತನ ಜಾಸ್ತಿಯಾಗಿತ್ತು.

“ಎಲ್ಲಿಗೆ?”

“ಮನೆಗೆ ಸಾರ್.”

“ಗುರುತಿಗೆ ಲೈಸೆನ್ಸ್ ಏನಾದ್ರೂ ಇದ್ರೆ ತೋರ್ಸು.”

ಕಾರ್ಡನ್ನು ಟಾರ್ಚಿಗೆ ಹಿಡಿದು ಓದಿದ. “ಹನ್ನೆರಡನೇ ನಂಬರ್ ಮನೆ ಇಲ್ಲೇ ಇದೆಯಲ್ಲಪ್ಪ. ಅದನ್ನ ದಾಟ್ಕೊಂಡು ಎಲ್ಲಿಗೆ ಹೊರಟೆ?”

“ಅದು ಹಳೇ ಅಡ್ರೆಸ್ ಸಾರ್. ನಾಳೆ ಬದಲಾಯಿಸ್ಬೇಕು ಅಂತಿದ್ದೆ...”

“ಸಿಕ್ಕಿಬಿದ್ದೋರೆಲ್ಲ ಇದನ್ನೇ ಹೇಳೋದು. ನಡಿ, ಮನೇಲಿರೋರನ್ನೇ ಕೇಳೋಣ.”

“ಅಲ್ಲಿ ಯಾರೂ ಇಲ್ಲ ಸಾರ್...” ಅಂದ. ಆ ದನಿ ಅವನಿಗೇ ಕೇಳಿಸಲಿಲ್ಲ.

ಪೊಲೀಸಿನವನು ಹೆಗಲು ಹಿಡಿದು ನಡೆಸಿಕೊಂಡು ಹೋದ. ಬಾಗಿಲು ತಟ್ಟಿದ. ಟಪ್, ಟಪ್, ಟಪ್. ಒಳಗೆ ಬೆತ್ತದ ಕುರ್ಚಿ ಕರಕ್ ಅಂದಿತು. ಆಮೇಲೆ ಚಪ್ಪಲಿ... ಸರಕ್... ಸರಕ್... ಒಂದು ಕಾಲು ಎಳೆದು ನಡೆಯುವ ಸದ್ದು. ಐದು ವರ್ಷ ದಿನಾ ಬೆಳಿಗ್ಗೆ ಇವನು ಎದ್ದಿದ್ದೇ ಆ ಸದ್ದಿಗೆ.

“ಯಾರು?”

“ಪೊಲೀಸ್ ಅಮ್ಮ. ಈತ ಇದೇ ಮನೆಯವನಾ?”

ಬಾಗಿಲು ಒಂದು ಗೇಣು ತೆರೆಯಿತು. ಒಳಗೆ ಬರೀ ಕತ್ತಲು.

“ಹೂಂ... ನಮ್ಮ ಹುಡುಗನೇ. ಒಳಗೆ ಕಳಿಸಿ.”

“ಇಷ್ಟಕ್ಕೆ ಯಾಕಯ್ಯ ಸುಳ್ಳು ಹೇಳ್ದೆ?” ಅಂತ ಪೊಲೀಸಿನವನು ಕಾರ್ಡ್ ಕೈಗಿಟ್ಟು, ಬೆನ್ನು ತಟ್ಟಿ ಇವನನ್ನು ಒಳಗೆ ತಳ್ಳಿದ. ಪಾಪ, ಅವನ ಕೆಲಸ ಅವನು ಮಾಡಿದ. ಹಿಂದೆ ಬಾಗಿಲು ಮುಚ್ಚಿತು. ಚಿಲಕ... ಟಕ್.

ಒಳಗೆ ಒದ್ದೆ ಕಾಗದದ ವಾಸನೆ. ಫೋನಿನ ಬೆಳಕು ಹಾಕಿದ. ಇವನು ಮಲಗುತ್ತಿದ್ದ ಮಂಚದ ಮೇಲೆ ಕಾಗದದ ಕಟ್ಟುಗಳು. ದೊಡ್ಡದು ಕೆಳಗೆ, ಚಿಕ್ಕದು ಮೇಲೆ, ದಾರ ಸುತ್ತಿ ಗಂಟು ಹಾಕಿದೆ. ಎಲ್ಲದರ ಮೇಲೂ ಇವನ ಹೆಸರು. ಎಲ್ಲಕ್ಕಿಂತ ಮೇಲಿನ ಲಕೋಟೆಗೆ ಬಿದ್ದ ಅಂಚೆಯ ಮುದ್ರೆ ಹೋದ ತಿಂಗಳಿನದು.

“ಒಂದೂ ಬಿಟ್ಟಿಲ್ಲ,” ಕುರ್ಚಿಯ ಕಡೆಯಿಂದ ಪಿಸುದನಿ ಬಂತು. “ನೀನು ಎತ್ತಿಡಿ ಅಂದಿದ್ದೆ.”

ಬೆಳಕನ್ನು ಆ ಕಡೆ ತಿರುಗಿಸುವ ಧೈರ್ಯ ಅವನಿಗಾಗಲಿಲ್ಲ.

“ಹೊಸ ಮನೆ ಎಲ್ಲಿ ಅಂತ ಒಂದು ಮಾತು ಹೇಳ್ಲಿಲ್ಲ ನೀನು...”

ಹೆದರಿಕೆಗಿಂತ ಮೊದಲು ನಾಚಿಕೆಯಾಯಿತು ಅಂತ ಅವನೇ ನನ್ನ ಹತ್ತಿರ ಹೇಳಿದ್ದಾನೆ. “ತಪ್ಪಾಯ್ತಮ್ಮ. ಮಗೂಗೆ ಔಷಧಿ ಕೊಡ್ಬೇಕು. ಬರ್ತೀನಿ,” ಅಂದ.

ಬಾಗಿಲ ಅಗಳಿ ತಾನಾಗಿಯೇ ಬಿತ್ತು. ಧಡ್.

ಎಳೆದ. ಒದ್ದ. ಬಾಗಿಲು ಗೋಡೆಯ ಹಾಗೆ ನಿಂತಿತ್ತು. “ದಮ್ಮಯ್ಯ ಅಮ್ಮ, ಹೋಗಿ ಬರ್ತೀನಿ...”

ಕಿಟಕಿಗಳು ಮುಚ್ಚಿಕೊಂಡವು. ಟಪ್... ಟಪ್...

ಫೋನ್ ಬಡಿದುಕೊಂಡಿತು. ಹೆಂಡತಿ. “ಎಲ್ಲಿದ್ದೀರಿ? ಮಗೂ ತುಟಿ ನೀಲಿ ಆಗ್ತಿದೆ ರೀ...” ಅವಳ ಹಿಂದೆ ಮಗಳ ಉಸಿರು. ಸುಂಯ್... ಸುಂಯ್... ನಡುವೆ ಒಂದೊಂದು ಸಲ ಏನೂ ಇಲ್ಲ.

“ಬರ್ತಾ ಇದ್ದೀನಿ ಕಣೇ, ಈಗಲೇ ಬರ್ತೀನಿ!”

ಹಿತ್ತಲ ಬಾಗಿಲಿಗೂ ಬೋಲ್ಟು ಬಿತ್ತು. ಕಟಕ್. ಫೋನ್ ಸತ್ತುಹೋಯಿತು. ಬೆಳಕೂ ಹೋಯಿತು.

ಕುರ್ಚಿ ಮತ್ತೆ ಕರಕ್ ಅಂದಿತು. ದನಿ ಈ ಸಲ ಹತ್ತಿರದಲ್ಲಿತ್ತು. “ಬರ್ತೀನಿ ಬರ್ತೀನಿ ಅಂತಾನೇ ಇದ್ದೀಯ. ಬರೋನಿಗೆ ಹೊರಗೇನು ಕೆಲಸ?”

ಆಗ ಇವನ ತಲೆಗೆ ಹೊಳೆಯಿತು. ಹೊರಡುವಾಗ ನಾವು ಯಾರಾದರೂ ‘ಹೋಗ್ತೀನಿ’ ಅಂತೀವಾ? ಬೀಡಿ ಅಂಗಡಿಯವನಿಗೂ ‘ಬರ್ತೀನಿ’ ಅಂತಲೇ ಹೇಳೋದು. ‘ಹೋಗ್ತೀನಿ’ ಅಂದರೆ ದೊಡ್ಡವರು ಬಾಯಿ ಮೇಲೆ ಹೊಡೀತಾರೆ, ಬಿಡ್ತು ಅನ್ನು ಅಂತಾರೆ. ನಾಲಿಗೆಗೆ ಅದೇ ಅಭ್ಯಾಸ. ಇಲ್ಲಿ ಒಬ್ಬಳು ಆ ಮಾತನ್ನು ಮಾತು ಅಂತಲೇ ನಂಬಿ ಕಾದಿದ್ದಳು. ಕಾರ್ಡು ಬೇರೆ ಅದಕ್ಕೆ ಸಾಕ್ಷಿ.

ಮಗಳ ಉಸಿರು ಇನ್ನೂ ಕಿವಿಯಲ್ಲಿತ್ತು.

“ಅಮ್ಮ... ನಾನು ಹೋಗ್ತೀನಿ,” ಅಂದ. ಅಳುತ್ತಲೇ ಇನ್ನೊಂದು ಸಲ ಹೇಳಿದ. “ಹೋಗ್ತೀನಿ.”

ಚಪ್ಪಲಿ ಸರಕ್... ಸರಕ್... ಅಂತ ಬಾಗಿಲ ಕಡೆ ಸರಿಯಿತು.

“ಅಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?” ಅಂದಳು. ಅಗಳಿ ಸರಿಯಿತು. ಚಿಲಕ ಬಿಚ್ಚಿತು.

ಅವನು ಓಡಿದ ಓಟ ದೇವರಿಗೇ ಗೊತ್ತು. ಪಂಪು ಮಗುವಿನ ಬಾಯಿಗಿಟ್ಟು ಒತ್ತಿದ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಮಗು ಉಸಿರೆಳೆದು ಅತ್ತಿತು. ಗಂಡ ಹೆಂಡತಿ ಇಬ್ಬರೂ ಅದರ ಜೊತೆ ಅತ್ತರು.

ಮಾರನೆಯ ದಿನ ಲೈಸೆನ್ಸ್ ಕಚೇರಿ ಬಾಗಿಲು ತೆಗೆಯುವ ಮೊದಲೇ ನಾಳೆರಾಯ ಅಲ್ಲಿ ನಿಂತಿದ್ದ. ಅರ್ಜಿ, ಬಾಡಿಗೆ ಕರಾರು, ಕರೆಂಟ್ ಬಿಲ್ಲು ಎಲ್ಲ ಕೈಯಲ್ಲಿ. “ನಾಲ್ಕು ವರ್ಷ ಸುಮ್ನಿದ್ದು ಈಗೇನ್ರೀ ಬೆಂಕಿ ಬಿದ್ದಂಗೆ ಬಂದ್ರಿ?” ಅಂತ ಗುಮಾಸ್ತ ನಕ್ಕ. ಇವನು ನಗಲಿಲ್ಲ. ಹೊಸ ಅಡ್ರೆಸ್ಸನ್ನು ಅಕ್ಷರ ಅಕ್ಷರ ಓದಿ ಬರೆಸಿದ. ಕಾರ್ಡು ಅಂಚೆಯಲ್ಲಿ ಮನೆಗೇ ಬರುತ್ತದೆ ಅಂದರು. ಗೆದ್ದೆ ಅಂದುಕೊಂಡ.

ಮೂರನೇ ವಾರ, ಒಂದು ಮಧ್ಯಾಹ್ನ. ಮನೆಗೆ ಬೀಗ ಹಾಕಿ ಮೂವರೂ ಡಾಕ್ಟರ ಹತ್ತಿರ ಹೋಗಿದ್ದರು. ವಾಪಸು ಬರುವಾಗ ಮೆಟ್ಟಿಲ ಹತ್ತಿರ ಅಂಚೆಯವನು ಸಿಕ್ಕಿದ.

“ನಿಮ್ಮ ಲೈಸೆನ್ಸ್ ಕೊಟ್ಟಿದ್ದೀನಿ ಸ್ವಾಮಿ.”

“ಯಾರ ಕೈಗೆ?”

“ಮನೇಲಿ ಅಜ್ಜಿ ಇದ್ರಲ್ಲ... ಕಿಟಕಿಯಿಂದಾನೇ ತಗೊಂಡ್ರು.”

ಬೀಗ ಹಾಕಿದ ಹಾಗೇ ಇತ್ತು. ಒಳಗೆ ಮೇಜಿನ ಮೇಲೆ ಲಕೋಟೆ. ಒಡೆದಿರಲಿಲ್ಲ. ಅಡ್ರೆಸ್ಸಿನಲ್ಲಿ ಒಂದಕ್ಷರ ತಪ್ಪಿಲ್ಲ.

“ಈ ಮನೆ ಬಿಟ್ಬಿಡೋಣ ರೀ,” ಅಂದಳು ಹೆಂಡತಿ.

“ಬಿಟ್ರೆ ಮತ್ತೆ ಅಡ್ರೆಸ್ ಬದಲಾಯಿಸ್ಬೇಕಲ್ಲೇ, ಅದೂ ಆಯಮ್ಮನ ಕೈಗೇ ಸೇರುತ್ತೆ...” ಅಂದ ಇವನು, ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ. ಇವತ್ತಿಗೂ ಅದೇ ಮನೆಯಲ್ಲಿದ್ದಾರೆ.

ನಂಬೋದಾದರೆ ನಂಬಿ, ಬಿಟ್ಟರೆ ಬಿಡಿ. ಅಂಚೆಯವನ ರಸೀದಿಯನ್ನು ನಾನೇ ನನ್ನ ಈ ಕಣ್ಣಿಂದ ನೋಡಿದ್ದೀನಿ. ಸಹಿ ಇದೆ, ತಾರೀಖು ಇದೆ. ಪಡೆದವರ ಸಂಬಂಧ ಅನ್ನುವ ಕಡೆ, ಸ್ವಲ್ಪ ನಡುಗಿದ ಅಕ್ಷರದಲ್ಲಿ, ‘ಮನೆಯವರು’ ಅಂತ ಬರೆದಿದೆ.