ಫಕೀರವ್ವನ ಕೈಗೆ ಕಟ್ಟಿದ ಬೆಲೆ

ಸಮುದ್ರದಾಚೆ ಹಿಮ ಸುರಿಯುವ ಒಂದು ದೇಶ. ಅಲ್ಲಿ ನಮ್ಮ ಗದಗಿನ ಕಡೆಯ ಸಾಹುಕಾರನೊಬ್ಬ ದೊಡ್ಡ ಖಾನಾವಳಿ ನಡೆಸುತ್ತಿದ್ದ. ಕೆಟ್ಟವನಲ್ಲ, ನೋಡಿ. ಮಠಕ್ಕೆ ಕೊಡುತ್ತಿದ್ದ, ದಾಸೋಹಕ್ಕೆ ಕೊಡುತ್ತಿದ್ದ. ಒಮ್ಮೆ ಊರಿಗೆ ಬಂದವನು ಫಕೀರವ್ವನ ಕೈಯ ಜೋಳದ ರೊಟ್ಟಿ ತಿಂದ. ಯಾರು ಈ ಫಕೀರವ್ವ? ರೊಟ್ಟಿ ಬಡಿದು ಮಾರಿ ಬದುಕುವ ಒಂಟಿ ಹೆಣ್ಣುಮಗಳು.

"ನಮ್ಮ ಖಾನಾವಳಿಗೆ ಬರ್ತೀಯೇನವ್ವ? ಇಲ್ಲಿ ಸಿಗೋದರ ದುಪ್ಪಟ್ಟು ಕೊಡ್ತೀನಿ," ಎಂದ.

"ವಿಮಾನದಾಗೇನ್ರಿ?"

"ಮತ್ತ? ನಡಕೋತ ಬರ್ತೀಯೇನು?"

ಅಂದಿನಿಂದ ಫಕೀರವ್ವ ನೆಲದ ಮೇಲೆ ಇರಲಿಲ್ಲ. ಒಲೆಯ ಬಿಸಿಗೆ ಕಣ್ಣು ಮುಚ್ಚಿದರೆ ಸಾಕು, ಯಾರೋ ಮೇಲಿಂದ ಹಿಟ್ಟು ಜರಡಿ ಹಿಡಿದಂತೆ ಹಿಮ ಇಳಿಯುತ್ತಿತ್ತು. ಮನೆಗಳ ಮೇಲೆ, ಗಿಡಗಳ ಮೇಲೆ, ಗುರುತಿಲ್ಲದ ಬೀದಿಗಳ ಮೇಲೆ. ಆ ಬೆಳ್ಳನೆಯ ಬೀದಿಯಲ್ಲಿ ಅವಳು ಬರಿಗಾಲಲ್ಲಿ ನಡೆಯುತ್ತಿದ್ದಳು, ಚಳಿಯೇ ಆಗುತ್ತಿರಲಿಲ್ಲ. ಬಾಗಿಲುಗಳು ತಾವಾಗಿ ತೆರೆಯುತ್ತಿದ್ದವು. ಒಳಗಿನವರು ಹಸಿದಿದ್ದೇವೆ, ಬಾ ಎನ್ನುತ್ತಿದ್ದರು. ಯಾವ ಭಾಷೆಯೋ ಏನೋ, ಕನಸಲ್ಲವೇ, ಅವಳಿಗೆ ತಿಳಿಯುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಸೀದಾಗ ಎಚ್ಚರಾಗಿ, ತನ್ನಷ್ಟಕ್ಕೆ ನಕ್ಕು, ಮತ್ತೊಂದು ಬಡಿಯುತ್ತಿದ್ದಳು. ಸ್ವೆಟರ್ ಕೊಂಡಳು. ತನ್ನ ಗಿರಾಕಿಗಳನ್ನು ಪಕ್ಕದ ಓಣಿಯವಳಿಗೆ ಬಿಟ್ಟುಕೊಟ್ಟಳು.

ಒಂದು ಮಧ್ಯಾಹ್ನ, ವೀಸಾದ ಕೆಲಸಕ್ಕೆ ಸಾಹುಕಾರ ಗೊತ್ತುಮಾಡಿದ್ದ ಏಜೆಂಟನ ಫೋನು ಬಂತು. "ವೀಸಾ ಆಗಲಿಲ್ಲಬೇ."

"ಯಾಕ್ರಿ?"

"ಅದನ್ನ ಸಾವ್ಕಾರ್ರನ್ನ ಕೇಳ್ಬೇಕು."

ಸಾಹುಕಾರನಿಗೆ ಫೋನು ಮಾಡಿದಳು. "ನಸೀಬಿನಾಗ ಇರಲಿಲ್ಲವ್ವ," ಎಂದು ಅವನು ಇಟ್ಟುಬಿಟ್ಟ.

ಬರೀ ನಸೀಬು ಎಂದುಬಿಟ್ಟರೆ ಅವಳಿಗೇನು ತಿಳಿಯಬೇಕು? ಅವಳಿಗೆ ತಿಳಿದದ್ದು ಒಂದೇ. ವೀಸಾ ಕಚೇರಿಯಲ್ಲಿ ಬೆರಳಚ್ಚು ತೆಗೆಯುವಾಗ ಯಂತ್ರ ಅವಳ ಬೆರಳು ಹಿಡಿಯಲು ಸತಾಯಿಸಿತ್ತು. ಹಂಚಿನ ಕಾವಿಗೆ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ತನ್ನ ಕೈಯಲ್ಲೇ ದೋಷ ಎಂದುಕೊಂಡಳು. ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡತೊಡಗಿದಳು. ಹೊಟ್ಟೆ ಕೇಳಬೇಕಲ್ಲ, ಮತ್ತೆ ಒಲೆ ಹಚ್ಚಿದಳು. ಕಣ್ಣು ಮಾತ್ರ ಮುಚ್ಚುತ್ತಿರಲಿಲ್ಲ.

ಮರುವರ್ಷ ಸಾಹುಕಾರ ಮತ್ತೆ ಬಂದ, ಮತ್ತೆ ಅವಳ ರೊಟ್ಟಿಗೆ ಕೂತ. ಒಂದು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಬಡಿಸುತ್ತ ಅವಳು ಮೆಲ್ಲಗೆ ಕೇಳಿದಳು. "ಸಾವ್ಕಾರ್ರ, ನನ್ನ ಬೆರಳು ಚಂದ ಇಲ್ಲಂತ ಒಲ್ಲೆ ಅಂದ್ರೇನ್ರಿ ವೀಸಾದವ್ರು?"

ಸಾಹುಕಾರ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ವೀಸಾ ಕೊಡುವ ಅಧಿಕಾರಿ ಹೇಳಿದ್ದು ಅವನಿಗೆ ಗೊತ್ತಿತ್ತು. 'ಈ ಸಂಬಳದಲ್ಲಿ ನಮ್ಮ ದೇಶದಲ್ಲಿ ಯಾರೂ ಬದುಕಲಾರರು, ಹೀಗೆ ಕರೆಸಿಕೊಳ್ಳಲು ಬಿಡುವುದಿಲ್ಲ' ಎಂದಿದ್ದ. ಪರದೇಶದವನು, ಫಕೀರವ್ವನ ಮುಖವನ್ನೇ ನೋಡದವನು, ಅವಳ ಹೊಟ್ಟೆಯ ಲೆಕ್ಕ ಹಾಕಿದ್ದ. ಅವಳ ಕೈಯ ರೊಟ್ಟಿ ತಿಂದವನು ಹಾಕಿರಲಿಲ್ಲ.

"ನಿನ್ನ ಕೈ ಛಲೋ ಅದಾವವ್ವ," ಎಂದ ಸಾಹುಕಾರ. "ಕಾಗದದಾಗ ನಾನು ಬರೆದ ಸಂಬಳ ಕಮ್ಮಿ ಇತ್ತು. ಅಲ್ಲಿಯವರಿಗೆ ಕೊಡೂದು ನಿನಗ ಕೊಡಲಿಲ್ಲ."

"ಇದನ್ನ ಆವಾಗಲೇ ಹೇಳಬೇಕಿತ್ತ್ರಿ," ಎಂದಳು. ಸೆರಗಿನಿಂದ ಕೈ ತೆಗೆದು ಇನ್ನೊಂದು ರೊಟ್ಟಿ ಬಡಿಸಿದಳು.

ಎರಡನೆಯ ಸಲ ಅವನು ಸರಿಯಾದ ಸಂಬಳ ಬರೆದ. ವೀಸಾ ಬಂತು. ಫಕೀರವ್ವ ಹೋದಳು.

ಸುಖವಾಗಿ ಮುಗಿಯಿತು ಎಂದು ಹಾಯಾಗಿ ಕೂತಿರಾ? ಸ್ವಲ್ಪ ತಡೆಯಿರಿ. ಇದು ಪರದೇಶದ ಸಾಹುಕಾರನ ಮಾತು, ನಮಗೇನು ಎನ್ನುತ್ತೀರಾ? ನಿಮ್ಮ ಮನೆಯ ಪಾತ್ರೆ ತೊಳೆಯುವವಳು ಯಾರು? ಅಂಗಡಿಯಲ್ಲಿ ಮೂಟೆ ಹೊರುವವನು ಯಾರು? ಅವರಿಗೆ ಸಂಬಳ ಗೊತ್ತು ಮಾಡುವಾಗ ನಾವು ಏನು ಕೇಳುತ್ತೇವೆ? ಎಷ್ಟಕ್ಕೆ ಒಪ್ಪುತ್ತಾರೆ ಎಂದು ಕೇಳುತ್ತೇವೆ. ಎಷ್ಟರಲ್ಲಿ ಬದುಕುತ್ತಾರೆ ಎಂದು ಕೇಳುತ್ತೇವೆಯೇ?

ನಾಳೆ ಬೆಳಿಗ್ಗೆ ಅವರು ಬಂದಾಗ ಅದನ್ನು ಕೇಳಿ. ನಿಮ್ಮ ಮಗಳು ಅದೇ ಕೆಲಸಕ್ಕೆ ಹೋಗಿದ್ದರೆ ಎಷ್ಟು ಕೊಡಲಿ ಎಂದು ಬಯಸುತ್ತಿದ್ದಿರೋ ಅಷ್ಟು ಕೊಡಿ. ಕೊಡಲಾಗದಿದ್ದರೆ ನನ್ನಿಂದ ಆಗದು ಎಂದು ಬಾಯಿಬಿಟ್ಟು ಹೇಳಿ, ಅವರ ನಸೀಬಿನ ಮೇಲೆ ಹಾಕಬೇಡಿ. ಆ ದೇಶದ ಬಾಗಿಲಲ್ಲಿ ತಡೆಯಲು ಒಬ್ಬ ಅಧಿಕಾರಿ ಕೂತಿದ್ದ. ನಿಮ್ಮ ಹೊಸ್ತಿಲಲ್ಲಿ ಯಾರೂ ಕೂತಿಲ್ಲ. ಅಲ್ಲಿ ನೀವೇ ಕೂರಬೇಕು.